ನಲವತ್ತು ಎಕರೆ ಕೊಟ್ಟು ಕಿತ್ತುಕೊಂಡ ಕರಾವಳಿಯಲ್ಲಿ ಅಪ್ಪನ ಜೊತೆ

ಗುರುವಾರ, ಸವಾನ್ನಾ

ಅಟ್ಲಾಂಟಾದಿಂದ ಬೆಳಿಗ್ಗೆ ಬೇಗ ಹೊರಟೆವು. ಊರಿಂದ ಬಂದಿದ್ದ ಅಪ್ಪನಿಗೆ ನಯಾಗರಾ, ನ್ಯೂಯಾರ್ಕ್ ಯಾವುದೂ ಬೇಡವಾಗಿತ್ತು. ನಾನು ಬಹಳ ವರ್ಷಗಳಿಂದ ನೋಡಬೇಕು ಅಂದುಕೊಂಡಿದ್ದ ದಾರಿಯೊಂದಿತ್ತು. ಅಮೆರಿಕದ ಅಂತರ್ಯುದ್ಧ ಮುಗಿಯುತ್ತಾ ಬಂದಾಗ, 1865ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆ ಸರ್ಕಾರ ಜಮೀನು ಹಂಚಿತು. ಒಂದು ವರ್ಷ ತುಂಬುವ ಮೊದಲೇ ವಾಪಸ್ ಕಿತ್ತುಕೊಳ್ಳಲು ಶುರು ಮಾಡಿತು. ಅದು ನಡೆದದ್ದು ಜಾರ್ಜಿಯಾ ಮತ್ತು ಸೌತ್ ಕ್ಯಾರೊಲಿನಾದ ಕರಾವಳಿಯಲ್ಲಿ. ಹೇಳಿದ ತಕ್ಷಣ ಅಪ್ಪ, "ಹೊಲ ಹಂಚಿದ ಊರು ನೋಡೋದೇನವಾ? ಹಂಗಾದ್ರ ನಡಿ" ಅಂದರು.

ಅಪ್ಪ ನವಲಗುಂದದ ಕಡೆಯವರು. ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿದವರು. 1974ರ ಭೂಸುಧಾರಣೆ ಆದಮೇಲೆ ಗೇಣಿದಾರರು ಕೊಡುತ್ತಿದ್ದ ಏಳನೇ ನಂಬರ್ ಫಾರಂಗಳನ್ನು ಹೊತ್ತುಕೊಂಡು ಭೂ ನ್ಯಾಯಮಂಡಳಿಗೆ ಓಡಾಡಿದವರು. ಜಮೀನಿನ ವಿಷಯ ಬಂದರೆ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಪಹಣಿ ಯಾರ ಹೆಸರಲ್ಲಿದೆ?

ಸವಾನ್ನಾ ಮರಗಳ ಊರು. ರಸ್ತೆಯ ಎರಡೂ ಬದಿಯ ಓಕ್ ಮರಗಳಿಂದ ಬೂದು ಬಣ್ಣದ ಪಾಚಿ ಇಳಿಬಿದ್ದಿರುತ್ತದೆ. ಮಾರ್ಚ್ ತಿಂಗಳಾದ್ದರಿಂದ ಎಲ್ಲ ಕಡೆ ಅಝೇಲಿಯಾ ಹೂವು. ಪ್ರವಾಸಿಗರು ಬರುವುದು ಇದಕ್ಕೇ. ನಾವು ನೇರ ಮ್ಯಾಡಿಸನ್ ಸ್ಕ್ವೇರ್‌ಗೆ ಹೋದೆವು. ಅದರ ಪಕ್ಕದಲ್ಲಿ ಗ್ರೀನ್-ಮೆಲ್ಡ್ರಿಮ್ ಮನೆ ಇದೆ. ಚಾರ್ಲ್ಸ್ ಗ್ರೀನ್ ಎಂಬ ಹತ್ತಿ ವ್ಯಾಪಾರಿ ಕಟ್ಟಿಸಿದ ದೊಡ್ಡ ಮನೆ. 1864ರ ಡಿಸೆಂಬರ್ 21ರಂದು, ದಂಗೆ ಎದ್ದ ದಕ್ಷಿಣದ ರಾಜ್ಯಗಳ ವಿರುದ್ಧ ಹೋರಾಡುತ್ತಿದ್ದ ಉತ್ತರದ ಸರ್ಕಾರಿ ಸೈನ್ಯ ಸವಾನ್ನಾವನ್ನು ಹಿಡಿದಾಗ ಜನರಲ್ ಶರ್ಮನ್ ಇಲ್ಲೇ ಬಿಡಾರ ಹೂಡಿದರು.

ಶರ್ಮನ್ ಕಪ್ಪು ಜನರ ಬಂಧುವೇನೂ ಆಗಿರಲಿಲ್ಲ. ಅವರ ಸೈನ್ಯ ಜಾರ್ಜಿಯಾದ ಉದ್ದಕ್ಕೂ ನಡೆದು ಬಂದಾಗ ಸಾವಿರಾರು ಗುಲಾಮರು ತೋಟ ಬಿಟ್ಟು ಹಿಂದೆಯೇ ನಡೆದು ಬಂದಿದ್ದರು. ಸವಾನ್ನಾ ಇನ್ನೇನು ಹತ್ತಿರ ಅನ್ನುವಾಗ, ಎಬೆನೀಜರ್ ಹಳ್ಳದ ಹತ್ತಿರ ಶರ್ಮನ್‌ರ ಕೈಕೆಳಗಿನ ಒಬ್ಬ ಜನರಲ್ ಸೈನ್ಯವನ್ನು ದಾಟಿಸಿ ತೇಲು ಸೇತುವೆಯನ್ನು ಎತ್ತಿಸಿಬಿಟ್ಟ. ಹಿಂದೆ ಶತ್ರು ಕುದುರೆಪಡೆ, ಮುಂದೆ ಚಳಿಗಾಲದ ತುಂಬಿದ ನೀರು. ಹೆಂಗಸರು ಮಕ್ಕಳು ನೀರಿಗೆ ಹಾರಿದರು. ಎಷ್ಟೋ ಜನ ಮುಳುಗಿ ಸತ್ತರು. ಸುದ್ದಿ ವಾಷಿಂಗ್ಟನ್ ಮುಟ್ಟಿತು. ಯುದ್ಧ ಮಂತ್ರಿ ಸ್ಟ್ಯಾಂಟನ್ ಸ್ವತಃ ಸವಾನ್ನಾಕ್ಕೆ ಬಂದರು.

1865ರ ಜನವರಿ 12ರ ರಾತ್ರಿ ಈ ಮನೆಯ ಮಹಡಿಯ ಮೇಲೆ ಸಭೆ ಸೇರಿತು. ಒಂದು ಕಡೆ ಸ್ಟ್ಯಾಂಟನ್ ಮತ್ತು ಶರ್ಮನ್. ಇನ್ನೊಂದು ಕಡೆ ಇಪ್ಪತ್ತು ಜನ ಕಪ್ಪು ಪಾದ್ರಿಗಳು ಮತ್ತು ಚರ್ಚಿನ ಹಿರಿಯರು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರು. ಎಲ್ಲರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜರ್. ವಯಸ್ಸು 67. ಎಂಟು ವರ್ಷದ ಹಿಂದೆ ಸಾವಿರ ಡಾಲರ್ ಬೆಳ್ಳಿ ಬಂಗಾರ ಎಣಿಸಿ ತಮ್ಮನ್ನೂ ಹೆಂಡತಿಯನ್ನೂ ಬಿಡಿಸಿಕೊಂಡಿದ್ದವರು. ನಿಮ್ಮನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ ಎಂದು ಸ್ಟ್ಯಾಂಟನ್ ಕೇಳಿದರು. ನಮಗೆ ನೆಲ ಬೇಕು, ಅದನ್ನು ನಮ್ಮ ದುಡಿಮೆಯಿಂದಲೇ ಉಳುತ್ತೇವೆ ಅಂದರು ಫ್ರೇಜರ್. ಕೊಂಡುಕೊಳ್ಳುವ ಶಕ್ತಿ ಬರುವ ತನಕ ನಮ್ಮನ್ನು ಭೂಮಿಯ ಮೇಲೆ ಕೂರಿಸಿ, ಆಮೇಲೆ ಅದನ್ನು ನಮ್ಮದು ಮಾಡಿಕೊಳ್ಳುತ್ತೇವೆ ಅಂದರು. ಪುಕ್ಕಟೆ ಕೊಡಿ ಎಂದು ಅವರು ಕೇಳಲೇ ಇಲ್ಲ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ನಾಲ್ಕೇ ದಿನ. ಜನವರಿ 16ಕ್ಕೆ ಶರ್ಮನ್‌ರ ಆದೇಶ ಹೊರಬಿತ್ತು. ಸ್ಪೆಷಲ್ ಫೀಲ್ಡ್ ಆರ್ಡರ್ ನಂಬರ್ 15. ಚಾರ್ಲ್ಸ್‌ಟನ್‌ನಿಂದ ದಕ್ಷಿಣಕ್ಕಿರುವ ದ್ವೀಪಗಳು, ಸಮುದ್ರದಿಂದ ಮೂವತ್ತು ಮೈಲಿ ಒಳಗಿನವರೆಗೆ ನದಿಗಳ ಪಕ್ಕ ಪಾಳುಬಿದ್ದ ಭತ್ತದ ಗದ್ದೆಗಳು, ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯ ಅಂಚು, ಇಷ್ಟೂ ಬಿಡುಗಡೆಯಾದವರಿಗೆ ಮೀಸಲು. ಒಂದು ಕುಟುಂಬಕ್ಕೆ ಉಳುವಂಥ ಜಮೀನು 40 ಎಕರೆ ಮೀರದಂತೆ. ಹೇಸರಗತ್ತೆಯ ಮಾತು ಆದೇಶದಲ್ಲಿ ಇಲ್ಲ. ಸೈನ್ಯದ ಹಳೆಯ ಹೇಸರಗತ್ತೆಗಳನ್ನು ಕೆಲವರಿಗೆ ಕೊಟ್ಟರು. ನಲವತ್ತು ಎಕರೆ ಮತ್ತು ಒಂದು ಹೇಸರಗತ್ತೆ ಎಂಬ ಮಾತು ಹುಟ್ಟಿದ್ದು ಹಾಗೆ.

ಚೌಕದಲ್ಲಿ ಈ ಆದೇಶದ ಬಗ್ಗೆ ಒಂದು ಫಲಕವಿದೆ. ನಾನು ಅಪ್ಪನಿಗೆ ಓದಿ ಹೇಳಿದೆ.

"ಪಟ್ಟಾ ಕೊಟ್ರೇನು?"

"ಸ್ವಾಧೀನದ ಹಕ್ಕು ಅಂತ ಬರೆದು ಕೊಟ್ರು ಅಪ್ಪಾ. ಅದಕ್ಕೂ ಅಧ್ಯಕ್ಷರ ಒಪ್ಪಿಗೆ ಬೇಕು ಅಂತ ಆದೇಶದಲ್ಲೇ ಇತ್ತು."

"ಅಂದ್ರ ಅಧ್ಯಕ್ಷ ಬದಲಾದ್ರ ಮುಗೀತು."

ಬದಲಾದದ್ದು ಹಾಗೆಯೇ. ಏಪ್ರಿಲ್‌ನಲ್ಲಿ ಲಿಂಕನ್‌ರನ್ನು ಕೊಂದರು. ಅವರ ಜಾಗಕ್ಕೆ ಬಂದ ಆಂಡ್ರ್ಯೂ ಜಾನ್ಸನ್ ಮೇ 29ರಂದು ಕ್ಷಮಾದಾನದ ಘೋಷಣೆ ಹೊರಡಿಸಿದರು. ದಂಗೆ ಎದ್ದ ದಕ್ಷಿಣದವರು ನಿಷ್ಠೆಯ ಪ್ರಮಾಣ ಮಾಡಿದರೆ, ದೊಡ್ಡ ಜಮೀನ್ದಾರರು ಅಧ್ಯಕ್ಷರಿಂದಲೇ ಪ್ರತ್ಯೇಕ ಕ್ಷಮಾದಾನ ಪಡೆದರೆ, ಗುಲಾಮರನ್ನು ಬಿಟ್ಟು ಉಳಿದ ಆಸ್ತಿಯೆಲ್ಲ ವಾಪಸ್. ಅಷ್ಟರಲ್ಲಿ ಸುಮಾರು 40,000 ಜನ ಸುಮಾರು 4 ಲಕ್ಷ ಎಕರೆಯ ಮೇಲೆ ಕೂತು ಬಿತ್ತನೆ ಮಾಡಿಯಾಗಿತ್ತು.

ಶುಕ್ರವಾರ, ಸ್ಕಿಡಾವೇ ಮತ್ತು ಡೇರಿಯನ್

ಆ ಇಪ್ಪತ್ತು ಜನರಲ್ಲಿ ಯುಲಿಸಿಸ್ ಹೂಸ್ಟನ್ ಎಂಬ ಪಾದ್ರಿ ಇದ್ದರು. ಆದೇಶ ಬಂದದ್ದೇ ತಡ, ತಮ್ಮ ಚರ್ಚಿನ ಜನರನ್ನು ಕಟ್ಟಿಕೊಂಡು ಸವಾನ್ನಾ ಪಕ್ಕದ ಸ್ಕಿಡಾವೇ ದ್ವೀಪಕ್ಕೆ ಹೋದರು. ಜಮೀನನ್ನು ಅಳೆದು ಪಾಲು ಮಾಡಿಕೊಂಡು ಊರು ಕಟ್ಟಲು ಹೊರಟರು. ಇವತ್ತು ಆ ದ್ವೀಪದ ಹೆಚ್ಚು ಭಾಗ ಗೇಟು ಹಾಕಿದ ಬಡಾವಣೆ. ಒಳಗೆ ಗಾಲ್ಫ್ ಮೈದಾನಗಳು, ದೋಣಿ ಕಟ್ಟೆಗಳು. ಗೇಟಿನ ಮುಂದೆ ಕಾರು ತಿರುಗಿಸಿಕೊಂಡು ಸರ್ಕಾರಿ ಉದ್ಯಾನದ ಕಡೆ ಹೋದೆವು. ಅಲ್ಲಿ ಜೌಗಿನ ಅಂಚಿನಲ್ಲಿ ನಡೆಯಲು ದಾರಿ ಇದೆ. ಹೂಸ್ಟನ್‌ರ ಜನ ಉತ್ತ ನೆಲ ಯಾವುದು ಎಂದು ಅಪ್ಪ ಕೇಳುತ್ತಲೇ ಇದ್ದರು. ಅದು ಹೆಚ್ಚಿನದು ಗೇಟಿನ ಒಳಗಡೆ.

ಮಧ್ಯಾಹ್ನ ದಕ್ಷಿಣಕ್ಕೆ, ಡೇರಿಯನ್ ಕಡೆಗೆ. ಊರಿನಾಚೆ ಹಳೆಯ ಹೆದ್ದಾರಿ 17ರ ಪಕ್ಕದಲ್ಲೇ ಒಂದು ಇಟ್ಟಿಗೆ ಚಿಮಣಿ ಒಂಟಿಯಾಗಿ ನಿಂತಿದೆ. ಬಟ್ಲರ್ ಐಲ್ಯಾಂಡ್ ತೋಟದ ಭತ್ತದ ಗಿರಣಿಯ ಚಿಮಣಿ. ಸುತ್ತ ಗದ್ದೆಗಳ ಬದುಗಳು, ಕಾಲುವೆಗಳು ಇವತ್ತಿಗೂ ಕಾಣುತ್ತವೆ. ಸಮುದ್ರದ ಉಬ್ಬರ ಬಂದಾಗ ನದಿಯ ಸಿಹಿನೀರು ಮೇಲೇಳುತ್ತದೆ, ಆಗ ತೂಬು ತೆಗೆದು ಗದ್ದೆಗೆ ನೀರು ಬಿಡುವುದು. ಇಳಿತಕ್ಕೆ ಮತ್ತೆ ತೂಬು ತೆಗೆದು ಹೊರಗೆ ಬಿಡುವುದು. ಪಶ್ಚಿಮ ಆಫ್ರಿಕಾದ ಭತ್ತದ ಸೀಮೆಯಿಂದ ಹಿಡಿದು ತಂದ ಜನರ ತಿಳಿವಳಿಕೆ ಈ ಗದ್ದೆಗಳ ಹಿಂದೆ ಇತ್ತು. ಸೊಂಟಮಟ್ಟದ ಕೆಸರಲ್ಲಿ ನಿಂತು ಕಾಲುವೆ ತೋಡಿದವರು ಅವರೇ. 1859ರ ಮಾರ್ಚ್‌ನಲ್ಲಿ ಈ ತೋಟದ ಮಾಲೀಕ ಪಿಯರ್ಸ್ ಬಟ್ಲರ್ ಸಾಲ ತೀರಿಸಲು 400ಕ್ಕೂ ಹೆಚ್ಚು ಜನರನ್ನು ಸವಾನ್ನಾದ ಕುದುರೆ ರೇಸಿನ ಮೈದಾನದಲ್ಲಿ ಹರಾಜು ಹಾಕಿದ. ಎರಡು ದಿನ ನಡೆಯಿತು ಆ ಹರಾಜು. ಅಳುವಿನ ಹೊತ್ತು ಎಂದು ಅದನ್ನು ಕರೆಯುತ್ತಾರೆ.

ಅಪ್ಪ ಬದುವಿನ ಮೇಲೆ ಸ್ವಲ್ಪ ದೂರ ನಡೆದು ಹೋಗಿ ಮಣ್ಣು ಮುಟ್ಟಿ ನೋಡಿದರು. "ಇಷ್ಟು ಕೆಲಸ ಮಾಡಿದವರಿಗೆ ಇದರಾಗ ಒಂದು ಗುಂಟೆ ಕೊಟ್ಟಿದ್ರ ಏನಾಗ್ತಿತ್ತು?"

ರಾತ್ರಿ ಹೋಟೆಲ್‌ನಲ್ಲಿ ಲ್ಯಾಪ್‌ಟಾಪ್ ತೆಗೆದೆ. ಯುದ್ಧದ ಕೊನೆಯಲ್ಲಿ ಬಿಡುಗಡೆಯಾದವರಿಗಾಗಿ ಸರ್ಕಾರ ತೆರೆದ ಇಲಾಖೆ ಫ್ರೀಡ್‌ಮೆನ್ಸ್ ಬ್ಯೂರೊ. ಅದರ ಕಡತಗಳು ಈಗ ಅಂತರ್ಜಾಲದಲ್ಲಿವೆ. ಶರ್ಮನ್ ಆದೇಶದ ಪ್ರಕಾರ ಜಮೀನು ಪಡೆದವರ ರಿಜಿಸ್ಟರೂ ಇದೆ. ಹೆಸರು, ಎಷ್ಟು ಎಕರೆ, ಎಲ್ಲಿ ಎಂದು ಕೈಬರಹದಲ್ಲಿ ಸಾಲು ಸಾಲು. 2024ರಲ್ಲಿ ಪತ್ರಕರ್ತರ ಒಂದು ತಂಡ ಇಂಥ ಕಡತಗಳಲ್ಲಿ ಹುಡುಕಿ 1,200ಕ್ಕೂ ಹೆಚ್ಚು ಜನರ ಹೆಸರನ್ನು ಹೊರತೆಗೆಯಿತು. ಕೆಲವರ ವಂಶಸ್ಥರನ್ನೂ ಪತ್ತೆ ಮಾಡಿತು. ಅಪ್ಪನಿಗೆ ಇಂಗ್ಲಿಷ್ ಕೈಬರಹ ಓದುವುದು ಕಷ್ಟ, ಆದರೆ ಕಾಲಂಗಳು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. "ಇದು ಸುಮ್ನೆ ಬಾಯಿಮಾತು ಅಲ್ಲವ್ವಾ. ದಾಖಲೆ ಐತಿ" ಅಂದರು. ಬಹಳ ಹೊತ್ತು ನೋಡುತ್ತಾ ಕೂತರು. ಜಮೀನು ಕೊಟ್ಟದ್ದು ನಿಜ, ಅಳೆದದ್ದು ನಿಜ, ಹೆಸರು ಬರೆದದ್ದು ನಿಜ. ಅಮೆರಿಕದಲ್ಲಿ ಎಷ್ಟೋ ಜನ ಇದನ್ನು ಯಾವತ್ತೂ ಈಡೇರದ ಆಶ್ವಾಸನೆ ಎಂದುಕೊಂಡಿದ್ದಾರೆ. ಅದಕ್ಕಿಂತ ಕೆಟ್ಟದ್ದು ನಡೆದಿತ್ತು.

ಶನಿವಾರ, ಸಪೆಲೊ

ಮೆರಿಡಿಯನ್ ಎಂಬಲ್ಲಿಂದ ಸಪೆಲೊ ದ್ವೀಪಕ್ಕೆ ಸರ್ಕಾರಿ ದೋಣಿ ಹೋಗುತ್ತದೆ. ಸೇತುವೆ ಇಲ್ಲ. ಮೊದಲೇ ಬುಕ್ ಮಾಡಿರಬೇಕು, ಇಲ್ಲವೇ ದ್ವೀಪದವರು ಯಾರಾದರೂ ಕರೆಸಿಕೊಂಡಿರಬೇಕು. ಜೌಗಿನ ನಡುವೆ ದೋಣಿ ಹೋಗುವಾಗ ಎರಡೂ ಕಡೆ ಹುಲ್ಲು, ಕೊಕ್ಕರೆಗಳು. ಆಚೆ ದಡದಲ್ಲಿ ಹಳೆಯ ಬಸ್ಸು ಕಾಯುತ್ತಿತ್ತು.

ಯುದ್ಧಕ್ಕೆ ಮೊದಲು ದ್ವೀಪದ ಹೆಚ್ಚು ಭಾಗ ಥಾಮಸ್ ಸ್ಪಾಲ್ಡಿಂಗ್ ಮನೆತನದ್ದು. ಅಲ್ಲಿನ ಗುಲಾಮರ ಮೇಸ್ತ್ರಿಯಾಗಿದ್ದವರು ಬಿಲಾಲಿ ಮುಹಮ್ಮದ್. ಗಿನಿಯ ಕಡೆಯಿಂದ ಹಿಡಿದು ತಂದ ಮುಸ್ಲಿಂ. ಅವರು ಅರಬ್ಬಿ ಲಿಪಿಯಲ್ಲಿ ಬರೆದ ಹದಿಮೂರು ಪುಟದ ಹಸ್ತಪ್ರತಿ ಇವತ್ತು ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿದೆ.

1865ರಲ್ಲಿ ಸಪೆಲೊ, ಸೇಂಟ್ ಕ್ಯಾಥರೀನ್ಸ್, ಒಸ್ಸಬಾ ಮುಂತಾದ ದ್ವೀಪಗಳ ಉಸ್ತುವಾರಿ ಟ್ಯೂನಿಸ್ ಕ್ಯಾಂಪ್‌ಬೆಲ್‌ರ ಕೈಯಲ್ಲಿತ್ತು. ನ್ಯೂಜೆರ್ಸಿಯಲ್ಲಿ ಹುಟ್ಟಿದ ಕಪ್ಪು ಪಾದ್ರಿ. ಅವರು ಸುಮ್ನೆ ಜಮೀನು ಹಂಚಿ ಕೂರಲಿಲ್ಲ. ಶಾಲೆ ತೆರೆದರು. ಜನರೇ ಆರಿಸಿದ ಆಡಳಿತ ಕಟ್ಟಿದರು. ಬಿಳಿಯರು ಹೇಳದೆ ಕೇಳದೆ ದ್ವೀಪಕ್ಕೆ ಬರಕೂಡದು ಎಂದು ಕಾವಲು ಹಾಕಿದರು. ಆದರೆ ಹಳೆಯ ಮಾಲೀಕರು ವಾಷಿಂಗ್ಟನ್‌ನಿಂದ ಕ್ಷಮಾದಾನದ ಕಾಗದ ಹಿಡಿದು ಬಂದರು. ಹಿಂದೆ ಸೈನಿಕರೂ ಬಂದರು. ಬಿಡುಗಡೆ ಮಾಡಿದ ಸೈನ್ಯವೇ ಜಮೀನು ಬಿಡಿಸಲು ಬಂದಿತ್ತು. ಹಳೇ ಮಾಲೀಕನ ಜೊತೆ ಕೂಲಿ ಕರಾರಿಗೆ ಸಹಿ ಹಾಕಿ, ಇಲ್ಲವೇ ಜಾಗ ಖಾಲಿ ಮಾಡಿ. ಆಯ್ಕೆ ಅಷ್ಟೇ. ಕ್ಯಾಂಪ್‌ಬೆಲ್ ಡೇರಿಯನ್ ಸೀಮೆಗೆ ಬಂದು ರಾಜಕೀಯಕ್ಕಿಳಿದರು, 1868ರಲ್ಲಿ ರಾಜ್ಯದ ಸೆನೆಟರ್ ಆದರು. ಬಿಳಿಯರ ಆಡಳಿತ ಮರಳಿದ ಮೇಲೆ, 1876ರಲ್ಲಿ, ಅರುವತ್ತು ದಾಟಿದ ಅವರನ್ನು ಜೈಲಿಗೆ ಹಾಕಿ ಕೈದಿಯಾಗಿ ಕೂಲಿಗೆ ದುಡಿಸಿದರು. ಈ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ. ಅವರ ಹೆಸರು ನಮ್ಮ ಮಕ್ಕಳ ಪಠ್ಯದಲ್ಲಿ ಇರಬೇಕಿತ್ತು.

ಸಪೆಲೊದ ಜನ ಸೋತು ಸುಮ್ಮನಾಗಲಿಲ್ಲ. 1871ರಲ್ಲಿ ವಿಲಿಯಂ ಹಿಲರಿ, ಜಾನ್ ಗ್ರೋವ್ನರ್, ಬಿಲಾಲಿ ಬೆಲ್ ಎಂಬ ಮೂವರು ಸೇರಿ ಕಂಪನಿ ಕಟ್ಟಿದರು. ರಕೂನ್ ಬ್ಲಫ್ ಎಂಬಲ್ಲಿ ಸಾವಿರ ಎಕರೆ ಕೊಂಡು, ಮನೆಮನೆಗೆ ಪಾಲು ಮಾಡಿ ಮಾರಿದರು. ಅಲ್ಲಿ ಒಂದು ಊರೇ ಬೆಳೆಯಿತು. ಇಪ್ಪತ್ತನೇ ಶತಮಾನದ ನಡುವಿನಲ್ಲಿ ದ್ವೀಪದ ದೊಡ್ಡ ಮಾಲೀಕ, ತಂಬಾಕು ಸಿರಿವಂತ ಆರ್. ಜೆ. ರೆನಾಲ್ಡ್ಸ್ ಜೂನಿಯರ್, ಅವರನ್ನೆಲ್ಲ ಹಾಗ್ ಹ್ಯಾಮಕ್ ಎಂಬ ಒಂದೇ ಮೂಲೆಗೆ ಸರಿಸಿದ. ರಕೂನ್ ಬ್ಲಫ್‌ನಲ್ಲಿ ಈಗ ಉಳಿದಿರುವುದು ಮರದ ಚರ್ಚು. ನಮ್ಮನ್ನು ಕರೆದೊಯ್ದ ಮಾರ್ಗದರ್ಶಿ ಬಸ್ಸು ನಿಲ್ಲಿಸಿ ಚರ್ಚಿನ ಬಾಗಿಲು ತೆಗೆದರು. ಒಳಗೆ ಸಾದಾ ಬೆಂಚುಗಳು, ಕಿಟಕಿಯ ಬೆಳಕು.

ಹಾಗ್ ಹ್ಯಾಮಕ್‌ನಲ್ಲಿ ಈಗ ಹಳೆಯ ಕುಟುಂಬಗಳ ಕೆಲವೇ ಡಜನ್ ಜನ ಇದ್ದಾರೆ. ಗೀಚೀ ಜನ ಎಂದು ಅವರನ್ನು ಕರೆಯುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಕೌಂಟಿ ಆಡಳಿತ ಇಲ್ಲಿನ ಮನೆಗಳ ಗಾತ್ರದ ಮಿತಿಯನ್ನು 1,400 ಚದರಡಿಯಿಂದ 3,000ಕ್ಕೆ ಏರಿಸಿತು. ದೊಡ್ಡ ರಜಾ ಮನೆಗಳು ಬಂದರೆ ತೆರಿಗೆ ಏರುತ್ತದೆ, ತೆರಿಗೆ ಏರಿದರೆ ಹಳಬರು ಮಾರಬೇಕಾಗುತ್ತದೆ. ಜನ ಕೋರ್ಟಿಗೆ ಹೋದರು. ಅಪ್ಪ ಮಾರ್ಗದರ್ಶಿಯನ್ನು ನನ್ನ ಮೂಲಕ ಕೇಳಿದ್ದು ಇದೊಂದನ್ನೇ: ಖಾತೆ ಬೇರೆ ಬೇರೆ ಇವೆಯೋ, ಎಲ್ಲ ಜಂಟಿಯೋ? ಎಷ್ಟೋ ಜಂಟಿಯೇ ಎಂದರು ಅವರು.

ಭಾನುವಾರ, ಹಿಲ್ಟನ್ ಹೆಡ್

ಸಂಜೆಯ ತನಕ ಮಳೆ. ಮಿಚೆಲ್‌ವಿಲ್ ಉದ್ಯಾನದಲ್ಲಿ ಛತ್ರಿ ಹಿಡಿದು ನಡೆದೆವು. 1862ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಬಿಡುಗಡೆಯಾದವರು ಇಲ್ಲಿ ತಮ್ಮದೇ ಊರು ಕಟ್ಟಿದರು. ಒಂದು ಮನೆಗೆ ಕಾಲು ಎಕರೆ. ತಾವೇ ಆರಿಸಿದ ಪ್ರತಿನಿಧಿಗಳು. ಮಕ್ಕಳನ್ನು ಶಾಲೆಗೆ ಕಳಿಸುವುದು ಕಡ್ಡಾಯ. ಅದಕ್ಕೆ ಮೊದಲು ಸೌತ್ ಕ್ಯಾರೊಲಿನಾದಲ್ಲಿ ಗುಲಾಮರಿಗೆ ಓದು ಬರಹ ಕಲಿಸಿದರೆ ಶಿಕ್ಷೆ ಆಗುತ್ತಿತ್ತು.

1956ರಲ್ಲಿ ಈ ದ್ವೀಪಕ್ಕೆ ಸೇತುವೆ ಬಂತು. ಆಮೇಲೆ ಗಾಲ್ಫ್, ಹೋಟೆಲ್, ಗೇಟು ಹಾಕಿದ ಬಡಾವಣೆಗಳು. ಬಡಾವಣೆಗಳಿಗೆ ಇಟ್ಟ ಹೆಸರೂ ಪ್ಲಾಂಟೇಶನ್ ಅಂತಲೇ, ಗುಲಾಮರು ದುಡಿದ ತೋಟಗಳ ಹೆಸರು. ಹಳೆಯ ಕುಟುಂಬಗಳ ಕೆಲವು ಸ್ಮಶಾನಗಳು ಆ ಗೇಟುಗಳ ಒಳಗೆ ಸಿಕ್ಕಿಕೊಂಡಿವೆ. ಅಜ್ಜನ ಸಮಾಧಿಗೆ ಹೂವಿಡಲು ಕಾವಲುಗಾರನಿಗೆ ಹೇಳಿ ಒಳಗೆ ಹೋಗಬೇಕು. ಅಪ್ಪ ಸಿಟ್ಟಾದದ್ದು ನಾನು ನೋಡಿದ್ದು ಕಡಿಮೆ. ಅವತ್ತು ಆದರು.

ಸೋಮವಾರ, ಬ್ಯೂಫರ್ಟ್ ಮತ್ತು ಸೇಂಟ್ ಹೆಲೆನಾ

ಇಡೀ ಪ್ರವಾಸದಲ್ಲಿ ನನಗೆ ಬಹಳ ಮುಖ್ಯ ಅನಿಸಿದ ದಿನ ಇದು. ಯಾಕೆಂದರೆ ಇಲ್ಲಿ ಭೂಮಿ ಉಳಿಯಿತು.

1861ರ ನವೆಂಬರ್ 7ರಂದು ಉತ್ತರದ ನೌಕಾಪಡೆ ಪೋರ್ಟ್ ರಾಯಲ್ ಕೊಲ್ಲಿಗೆ ನುಗ್ಗಿತು. ಜಮೀನ್ದಾರರು ಊಟದ ತಟ್ಟೆಯನ್ನೂ ಬಿಟ್ಟು ಓಡಿದರು. ಸುಮಾರು 10,000 ಗುಲಾಮರು ತೋಟಗಳಲ್ಲೇ ಉಳಿದರು. ಇಲ್ಲಿ ಬೆಳೆಯುತ್ತಿದ್ದದ್ದು ಸೀ ಐಲ್ಯಾಂಡ್ ಹತ್ತಿ. ಉದ್ದ ಎಳೆ, ರೇಷ್ಮೆಯ ನುಣುಪು, ಜಗತ್ತಿನಲ್ಲೇ ದುಬಾರಿ. ಹತ್ತಿಯ ಮಾತು ಬಂದಾಗ ಅಪ್ಪ ಕಿವಿಗೊಟ್ಟರು. ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಮ್ಯಾಂಚೆಸ್ಟರ್‌ನವರ ಕಣ್ಣು ಬಿದ್ದದ್ದು ನಮ್ಮ ಧಾರವಾಡ ಸೀಮೆಯ ಎರೆ ಹೊಲಗಳ ಮೇಲೆ. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲು ಕಾರವಾರ ಬಂದರು ಬೇಕಾಯಿತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯೂ ಇದೆ. ಅದೇ ವರ್ಷ ಇಲ್ಲಿ, ಹತ್ತಿ ಬಿಡಿಸುತ್ತಿದ್ದವರು ಮೊದಲ ಸಲ ಕೂಲಿ ಕೇಳುತ್ತಿದ್ದರು. ಹತ್ತಿಯನ್ನೇ ಯಾಕೆ ಬೆಳೆಯಬೇಕು, ನಮ್ಮ ಹೊಟ್ಟೆಗೆ ಜೋಳ, ಗೆಣಸು ಬೆಳೆಯುತ್ತೇವೆ ಅನ್ನುತ್ತಿದ್ದರು.

ಓಡಿಹೋದ ಮಾಲೀಕರು ತೆರಿಗೆ ಕಟ್ಟಲಿಲ್ಲ. ಸರ್ಕಾರ ತೆರಿಗೆ ಬಾಕಿಗೆ ತೋಟಗಳನ್ನು ಜಪ್ತಿ ಮಾಡಿ 1863ರ ಮಾರ್ಚ್‌ನಲ್ಲಿ ಹರಾಜಿಗಿಟ್ಟಿತು. ಬಿಡುಗಡೆಯಾದವರು ಕೈಲಿದ್ದ ಪುಡಿಗಾಸು ಒಟ್ಟುಹಾಕಿ ಸುಮಾರು 2,000 ಎಕರೆ ಕೊಂಡರು. ಬಾಸ್ಟನ್‌ನ ಎಡ್ವರ್ಡ್ ಫಿಲ್‌ಬ್ರಿಕ್ ಒಬ್ಬನೇ ಹನ್ನೊಂದು ತೋಟ ಕೊಂಡ, ಎಕರೆಗೆ ಹೆಚ್ಚುಕಡಿಮೆ ಒಂದು ಡಾಲರಿನಂತೆ. ವರ್ಷದ ಕೊನೆಗೆ ಲಿಂಕನ್ ಸರ್ಕಾರ ಹೊಸ ಸೂಚನೆ ಕೊಟ್ಟಿತು: ಇಲ್ಲಿ ವಾಸವಿರುವವರು ಹರಾಜಿಗೆ ಮೊದಲೇ ಎಕರೆಗೆ 1.25 ಡಾಲರ್ ಕೊಟ್ಟು ಜಮೀನು ಹಿಡಿಯಬಹುದು. ಇಲ್ಲಿನ ಸೇನಾ ಗವರ್ನರ್ ಆಗಿದ್ದ ಜನರಲ್ ಸ್ಯಾಕ್ಸ್‌ಟನ್ ಇದನ್ನು ಸಾರಿದರು. ಜನ ಗೂಟ ನೆಟ್ಟು ಗಡಿ ಹಾಕಿದರು, ದುಡ್ಡು ಕಟ್ಟಿದರು. 1864ರ ಫೆಬ್ರವರಿಯಲ್ಲಿ ಸೂಚನೆ ರದ್ದಾಯಿತು. ಶರ್ಮನ್ ಆದೇಶಕ್ಕೆ ಒಂದು ವರ್ಷ ಮೊದಲೇ ಹೀಗೊಂದು ಮಾತು ತಪ್ಪುವುದು ನಡೆದುಹೋಗಿತ್ತು.

ಆದರೂ ಇಲ್ಲಿ ಕೊಂಡವರ ಜಮೀನು ಕೊಂಡವರಿಗೇ ಉಳಿಯಿತು. ಕಾರಣ ಬ್ಯೂಫರ್ಟ್‌ನ ಪ್ರಿನ್ಸ್ ರಸ್ತೆಯಲ್ಲಿರುವ ಒಂದು ಬಿಳಿ ಮನೆಯ ಮುಂದೆ ನಿಂತರೆ ಅರ್ಥವಾಗುತ್ತದೆ. ಆ ಮನೆಯ ಹಿತ್ತಿಲಿನ ಗುಡಿಸಲಲ್ಲಿ ಗುಲಾಮರಾಗಿ ಹುಟ್ಟಿದವರು ರಾಬರ್ಟ್ ಸ್ಮಾಲ್ಸ್. 1862ರ ಮೇ 13ರ ನಸುಕಿನಲ್ಲಿ ಚಾರ್ಲ್ಸ್‌ಟನ್ ಬಂದರಿನಿಂದ ಪ್ಲಾಂಟರ್ ಎಂಬ ಶತ್ರು ಹಡಗನ್ನೇ ಹಾರಿಸಿಕೊಂಡು ಬಂದರು. ಕ್ಯಾಪ್ಟನ್‌ನ ಟೋಪಿ ಹಾಕಿಕೊಂಡು, ಕೋಟೆಗಳ ಮುಂದೆ ಸರಿಯಾದ ಸೀಟಿ ಊದುತ್ತಾ, ಹೆಂಡತಿ ಮಕ್ಕಳನ್ನು ಹಡಗಲ್ಲಿ ಕೂರಿಸಿಕೊಂಡು. ಆಮೇಲೆ ತೆರಿಗೆ ಹರಾಜಿನಲ್ಲಿ ತಮ್ಮ ಹಳೆಯ ಮಾಲೀಕನ ಈ ಮನೆಯನ್ನೇ ಕೊಂಡರು. ಮುಂದೆ ಅಮೆರಿಕದ ಸಂಸತ್ತಿಗೂ ಆರಿಸಿಹೋದರು. ಮನೆಯ ಮೇಲೆ ಹಕ್ಕಿದೆ ಎಂದು ಬಂದವರು ಕೇಸು ಹಾಕಿದರು. ಅದು ಸುಪ್ರೀಂ ಕೋರ್ಟಿಗೆ ಹೋಯಿತು, 1878ರಲ್ಲಿ ಸ್ಮಾಲ್ಸ್ ಗೆದ್ದರು. ತೆರಿಗೆ ಹರಾಜಿನ ಕ್ರಯಪತ್ರ ಗಟ್ಟಿ ಎಂದಿತು ಕೋರ್ಟು.

ಅಪ್ಪ ಈ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. "ಅಲ್ಲಿ ಕಾಗದ ಕಚ್ಚಾ, ಇಲ್ಲಿ ಪಕ್ಕಾ. ಜನ ಅವರೇ, ನೆಲ ಅದೇ." ನನಗೂ ಹೇಳಬೇಕಾದದ್ದು ಇಷ್ಟೇ. ಬಿಡುಗಡೆಯಾದವರಿಗೆ ಉಳುವುದು ಗೊತ್ತಿರಲಿಲ್ಲ, ಜಮೀನು ಕೊಟ್ಟಿದ್ದರೂ ಉಳಿಸಿಕೊಳ್ಳುತ್ತಿರಲಿಲ್ಲ ಎಂಬ ಮಾತನ್ನು ನಾನು ಕೇಳಿದ್ದೇನೆ. ಅದು ಸುಳ್ಳು. ಹಕ್ಕುಪತ್ರ ಗಟ್ಟಿ ಇದ್ದ ಕಡೆ ಅವರು ತಲೆಮಾರುಗಟ್ಟಲೆ ಉಳಿಸಿಕೊಂಡರು. ಕಳೆದುಕೊಂಡದ್ದು ಸರ್ಕಾರ ಕಿತ್ತುಕೊಂಡ ಕಡೆ. ಇನ್ನೊಂದನ್ನೂ ಮರೆಯಬಾರದು. 1862ರ ಏಪ್ರಿಲ್ 16ರಂದು ವಾಷಿಂಗ್ಟನ್ ನಗರದಲ್ಲಿ ಗುಲಾಮಗಿರಿ ರದ್ದಾದಾಗ ಸರ್ಕಾರ ಪರಿಹಾರ ಕೊಟ್ಟಿತ್ತು, ಒಬ್ಬ ಗುಲಾಮನಿಗೆ 300 ಡಾಲರ್ ತನಕದ ಲೆಕ್ಕದಲ್ಲಿ. ಕೊಟ್ಟದ್ದು ಮಾಲೀಕರಿಗೆ.

ಮಧ್ಯಾಹ್ನ ಸೇಂಟ್ ಹೆಲೆನಾ ದ್ವೀಪ. 1862ರಲ್ಲಿ ಲಾರಾ ಟೌನ್ ಮತ್ತು ಎಲೆನ್ ಮರ್ರೆ ಶುರು ಮಾಡಿದ ಪೆನ್ ಶಾಲೆ ಈಗ ಪೆನ್ ಸೆಂಟರ್. ಎದುರಿಗೇ ಬ್ರಿಕ್ ಚರ್ಚ್. 1855ರಲ್ಲಿ ಗುಲಾಮರೇ ಕಟ್ಟಿದ್ದು. ಅವರು ಆಗ ಮಹಡಿಯ ಮೇಲೆ ಕೂರಬೇಕಿತ್ತು, ಕೆಳಗಿನ ಬೆಂಚುಗಳು ಬಿಳಿಯರಿಗೆ. 1960ರ ದಶಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಸಂಗಾತಿಗಳ ಜೊತೆ ಪೆನ್ ಸೆಂಟರ್‌ಗೆ ಬಂದು ತಂಗುತ್ತಿದ್ದರು. ದಕ್ಷಿಣದಲ್ಲಿ ಕಪ್ಪು ಬಿಳಿ ಜನ ಒಟ್ಟಿಗೆ ಕೂತು ಸಭೆ ನಡೆಸಲು ಸಿಗುತ್ತಿದ್ದ ಕೆಲವೇ ಜಾಗಗಳಲ್ಲಿ ಇದೂ ಒಂದು.

ಈ ದ್ವೀಪದಲ್ಲಿ ಗೇಟು ಹಾಕಿದ ಬಡಾವಣೆಗೂ ಗಾಲ್ಫ್ ಮೈದಾನಕ್ಕೂ ಅವಕಾಶವಿಲ್ಲ. 1999ರಿಂದ ಆ ನಿಯಮ ಇದೆ. 2023ರಲ್ಲಿ ಅದನ್ನು ಸಡಿಲಿಸಬೇಕೆಂದು ಒತ್ತಾಯ ಬಂದಾಗ ಜನ ಸಭೆಗೆ ತುಂಬಿ ಬಂದು ಉಳಿಸಿಕೊಂಡರು. ರಸ್ತೆ ಬದಿಯ ಅಂಗಡಿಯಲ್ಲಿ ಸಿಗಡಿ ಹಾಕಿದ ಅನ್ನ ತಿಂದೆವು. ಅಪ್ಪ ಬರೀ ಅನ್ನ, ಬೆಂಡೆಕಾಯಿ. ಎರಡನೇ ಸಲ ಹಾಕಿಸಿಕೊಂಡರು.

ಮಂಗಳವಾರ, ಎಡಿಸ್ಟೊ

1865ರ ಅಕ್ಟೋಬರ್‌ನಲ್ಲಿ ಫ್ರೀಡ್‌ಮೆನ್ಸ್ ಬ್ಯೂರೊದ ಮುಖ್ಯಸ್ಥ ಜನರಲ್ ಹೊವಾರ್ಡ್ ಎಡಿಸ್ಟೊ ದ್ವೀಪಕ್ಕೆ ಬಂದರು. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಮನುಷ್ಯ. ಜುಲೈನಲ್ಲಿ ಜಮೀನು ಬಿಡಿಸಬೇಡಿ ಎಂದು ಸುತ್ತೋಲೆ ಹೊರಡಿಸಿದವರೂ ಅವರೇ. ಅಧ್ಯಕ್ಷ ಜಾನ್ಸನ್ ಅದನ್ನು ರದ್ದು ಮಾಡಿಸಿ, ಜನರಿಗೆ ನೀವೇ ಹೋಗಿ ಹೇಳಿ ಎಂದು ಕಳಿಸಿದ್ದರು. ಚರ್ಚು ಕಿಕ್ಕಿರಿದು ತುಂಬಿತ್ತು. ಜಮೀನು ಹಳೆಯ ಮಾಲೀಕರಿಗೆ ವಾಪಸ್ ಹೋಗುತ್ತದೆ, ಅವರನ್ನು ಕ್ಷಮಿಸಿ, ಅವರ ಜೊತೆ ಕರಾರು ಮಾಡಿಕೊಳ್ಳಿ ಎಂದರು. ಜನ ಒಪ್ಪಲಿಲ್ಲ. ಮೂವರ ಸಮಿತಿ ಆರಿಸಿದರು: ಹೆನ್ರಿ ಬ್ರ್ಯಾಮ್, ಇಷ್ಮಾಯೆಲ್ ಮೌಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್. ಅವರು ಹೊವಾರ್ಡ್‌ಗೂ ಅಧ್ಯಕ್ಷರಿಗೂ ಬರೆದ ಅರ್ಜಿಗಳು ಉಳಿದಿವೆ.

ಬೆಳಿಗ್ಗೆ ಎಡಿಸ್ಟೊ ಸಮುದ್ರ ತೀರದಲ್ಲಿ ಕೂತು ಹೊವಾರ್ಡ್‌ಗೆ ಬರೆದ ಅರ್ಜಿಯನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ನೀವು ಅವರನ್ನು ಕ್ಷಮಿಸಿ ಅನ್ನುತ್ತೀರಿ. ಯುದ್ಧದಲ್ಲಿ ನೀವು ಕಳೆದುಕೊಂಡದ್ದು ಬಲಗೈ ಮಾತ್ರ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯಿಯನ್ನೂ ತಂಗಿಯನ್ನೂ ಬಟ್ಟೆ ಬಿಚ್ಚಿಸಿ ಹೊಡೆದವನು, ಅವನ ಹೊಲ ಮಾಡಿ ಅವನು ಹೇಳಿದ ಕೂಲಿಗೆ ಒಪ್ಪದಿದ್ದರೆ ಖಾಲಿ ಗುಡಿಸಲಲ್ಲೂ ಇರಗೊಡದವನು, ಅವನನ್ನು ನಾನು ಹೇಗೆ ಕ್ಷಮಿಸಲಿ? ನಮ್ಮ ಅಪ್ಪಂದಿರ ಮೂಳೆ ಹೂಳುವಷ್ಟು ನೆಲವೂ ನಮಗೆ ಸಿಗದಂತೆ ಅವರೆಲ್ಲ ಒಂದಾಗಿದ್ದಾರೆ.

"ಎಂಥಾ ಅರ್ಜಿ ಬರದಾರ" ಅಂದರು ಅಪ್ಪ. "ಉತ್ತರ ಬಂತೇನು?"

ಅಧ್ಯಕ್ಷರ ಮನಸ್ಸು ಕರಗಲಿಲ್ಲ. 1866ರ ಜನವರಿಯಲ್ಲಿ ಜನರ ಪರ ನಿಂತ ಸ್ಯಾಕ್ಸ್‌ಟನ್‌ರನ್ನೂ ಬ್ಯೂರೊದ ಕೆಲಸದಿಂದ ತೆಗೆದರು. ಜುಲೈನಲ್ಲಿ ಸಂಸತ್ತು ಒಂದು ಕಾನೂನು ಮಾಡಿತು: ಶರ್ಮನ್ ಜಮೀನು ಕಳೆದುಕೊಂಡವರು ಬ್ಯೂಫರ್ಟ್ ಸುತ್ತಿನ ತೆರಿಗೆ ಜಪ್ತಿಯ ಜಮೀನಿನಲ್ಲಿ 20 ಎಕರೆಯನ್ನು ಎಕರೆಗೆ 1.50 ಡಾಲರಿನಂತೆ ಕೊಳ್ಳಬಹುದು. ಪುಕ್ಕಟೆ ಅಲ್ಲ, ನಲವತ್ತೂ ಅಲ್ಲ, ಉತ್ತು ಬಿತ್ತಿದ ಜಾಗವೂ ಅಲ್ಲ. ಸೌತ್ ಕ್ಯಾರೊಲಿನಾ ರಾಜ್ಯ ಮಾತ್ರ 1869ರಲ್ಲಿ ತಾನೇ ಭೂ ಆಯೋಗ ಮಾಡಿತು. ದೊಡ್ಡ ತೋಟಗಳನ್ನು ಕೊಂಡು ಪಾಲು ಮಾಡಿ ಕಂತಿನ ಮೇಲೆ ಮಾರಿತು. ಅದರಲ್ಲಿ ಮೋಸ, ಲಂಚ ಎಲ್ಲ ನಡೆಯಿತು. ಆದರೂ ಸಾವಿರಾರು ಕುಟುಂಬಗಳು ಅದರಿಂದ ನೆಲ ಕಂಡವು.

ಪಾಯಿಂಟ್ ಆಫ್ ಪೈನ್ಸ್ ರಸ್ತೆಯಲ್ಲಿ ಹಚಿನ್ಸನ್ ಮನೆ ಇದೆ. ಸುಮಾರು 1885ರಲ್ಲಿ ಹೆನ್ರಿ ಹಚಿನ್ಸನ್ ಕಟ್ಟಿಸಿದ ಎರಡಂತಸ್ತಿನ ಮರದ ಮನೆ. ಅವರ ತಂದೆ ಜಿಮ್ ಹಚಿನ್ಸನ್ ಗುಲಾಮರಾಗಿ ಹುಟ್ಟಿದವರು. ಯುದ್ಧದ ನಂತರ ದ್ವೀಪದ ಜನರ ದುಡ್ಡು ಒಟ್ಟುಗೂಡಿಸಿ ಜಮೀನು ಕೊಂಡು ಪಾಲು ಮಾಡಿಸಿದವರು. ಸುತ್ತಲಿನ ಓಕ್ ಮರಗಳ ನಡುವೆ ಮನೆ ಈಗಲೂ ನಿಂತಿದೆ. ಸ್ಥಳೀಯ ಟ್ರಸ್ಟ್ ಒಂದು ಕೊಂಡು ರಿಪೇರಿ ಮಾಡಿಸಿದೆ. ಅಪ್ಪ ಅಡಿಪಾಯದಿಂದ ಹಿಡಿದು ಸೂರಿನವರೆಗೆ ಸುತ್ತಿ ನೋಡಿದರು.

ಅಲ್ಲಿಂದ ಚಾರ್ಲ್ಸ್‌ಟನ್ ಕಡೆ ಹೊರಟಾಗ ಮಾತು ಮತ್ತೆ ಜಂಟಿ ಖಾತೆಗೆ ಬಂತು. ಅಂದು ಕೊಂಡವರು ಉಯಿಲು ಬರೆಯದೆ ಹೋದರು. ವಕೀಲರ ಮೇಲೆ, ಕೋರ್ಟಿನ ಮೇಲೆ ನಂಬಿಕೆ ಇಟ್ಟುಕೊಳ್ಳಲು ಅವರಿಗೆ ಕಾರಣವೂ ಇರಲಿಲ್ಲ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲ ವಾರಸುದಾರರು. ಷಿಕಾಗೊದಲ್ಲೋ ನ್ಯೂಯಾರ್ಕಿನಲ್ಲೋ ಇರುವ ಒಬ್ಬನ ಸಣ್ಣ ಪಾಲನ್ನು ಬಿಲ್ಡರ್ ಕೊಂಡುಕೊಂಡರೆ ಸಾಕು, ಕೋರ್ಟಿಗೆ ಹೋಗಿ ಇಡೀ ಜಮೀನನ್ನು ಹರಾಜಿಗೆ ತರಿಸುತ್ತಿದ್ದ. ನೂರು ವರ್ಷ ಉಳಿದ ಎಷ್ಟೋ ಜಮೀನು ಹೀಗೆ ಹೋಯಿತು. ನಮ್ಮಲ್ಲಿ ದಲಿತರಿಗೆ ಮಂಜೂರಾದ ಜಮೀನು ಕೈತಪ್ಪಬಾರದೆಂದು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತಲ್ಲ, ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಎಂದು. ಅಂಥ ತಡೆ ಇಲ್ಲಿ ಇರಲಿಲ್ಲ. ಜಾರ್ಜಿಯಾದಲ್ಲಿ 2013ರಿಂದ, ಸೌತ್ ಕ್ಯಾರೊಲಿನಾದಲ್ಲಿ 2017ರಿಂದ ಒಂದು ಕಾನೂನು ಜಾರಿಯಲ್ಲಿದೆ. ಹರಾಜಿಗೆ ಮೊದಲು ಜಮೀನಿನ ಬೆಲೆ ಕಟ್ಟಿಸಬೇಕು, ಉಳಿದ ವಾರಸುದಾರರಿಗೆ ಆ ಪಾಲನ್ನು ಕೊಳ್ಳಲು ಮೊದಲ ಅವಕಾಶ ಕೊಡಬೇಕು.

ಚಾರ್ಲ್ಸ್‌ಟನ್‌ನಲ್ಲಿ ಇಂಥ ಕುಟುಂಬಗಳಿಗೆ ಖಾತೆ ಸರಿಮಾಡಿಸಿಕೊಡಲು 2005ರಿಂದ ಒಂದು ಕೇಂದ್ರ ಕೆಲಸ ಮಾಡುತ್ತಿದೆ. ಅಪ್ಪ ದಾರಿಯುದ್ದಕ್ಕೂ ಕೇಳಿದ್ದು ಅದರ ಬಗ್ಗೆಯೇ. ವಂಶವೃಕ್ಷ ಯಾರು ಬರೆದುಕೊಡ್ತಾರೆ? ಎಷ್ಟು ಜನರ ಸಹಿ ಬೇಕು? ಒಬ್ಬ ಒಪ್ಪದಿದ್ದರೆ ಏನು ಮಾಡ್ತಾರೆ? ಸತ್ತವರ ದಾಖಲೆ ಎಲ್ಲಿಂದ ತರ್ತಾರೆ? ಕೊನೆಯದಕ್ಕೆ ಮಾತ್ರ ನನಗೆ ಉತ್ತರ ಗೊತ್ತಿತ್ತು. ಕೌಂಟಿ ಕಚೇರಿ, ಚರ್ಚಿನ ಪುಸ್ತಕ, ಸ್ಮಶಾನದ ಕಲ್ಲು, ಮನೆಯಲ್ಲಿರುವ ಬೈಬಲ್‌ನ ಮೊದಲ ಹಾಳೆ. ಅದರಲ್ಲಿ ಹುಟ್ಟು ಸಾವು ಬರೆದಿಟ್ಟಿರುತ್ತಾರೆ.